ನಾಲ್ಕು ಗಂಟೆಯ ನಡುಕ

ದಿನಕ್ಕೆ ಎಂಟು ಗಂಟೆ ಕಾರಿನಲ್ಲೇ ಕೂತಿದ್ದರೂ ಕಾರು ಓಡಿಸುವ ಸುಖ ಕಾಣದ ಪ್ರಾಣಿ ಈ ಭೂಮಿಯ ಮೇಲೆ ಒಂದೇ. ಅದು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನಮ್ಮ ಮೇಷ್ಟ್ರ ಸ್ಥಿತಿಯೂ ಇದೇ. ಸ್ಟೀರಿಂಗು ಕಲಿಯುವವರ ಕೈಯಲ್ಲಿ, ಮೇಷ್ಟ್ರ ಜೀವ ತಮ್ಮ ಬಾಯಲ್ಲಿ. ಪಕ್ಕದ ಸೀಟಿನ ಮುಂದೆ ಅವರಿಗೆಂದೇ ಒಂದು ಹೆಚ್ಚುವರಿ ಬ್ರೇಕು. ಇಪ್ಪತ್ತು ವರ್ಷದಿಂದ ಅವರ ಬಲಗಾಲು ಅದರ ಮೇಲೇ ಇದೆ. (ಮನೆಯಲ್ಲಿ ಹೆಂಡತಿ ಟೀ ಲೋಟ ಸ್ವಲ್ಪ ಅವಸರದಲ್ಲಿ ತಂದರೂ ಮೇಜಿನ ಕೆಳಗೆ ಆ ಕಾಲು ತಾನಾಗಿಯೇ ನೆಲ ಒತ್ತುತ್ತಿತ್ತು.) ಗಾಡಿ ಮೂವತ್ತರ ವೇಗ ದಾಟಿದರೆ ಅವರ ಪಾಲಿಗೆ ಅದೇ ದೊಡ್ಡ ಸಾಹಸ.

ಈ ಕೊರತೆ ತೀರಿಸಿಕೊಳ್ಳಲೆಂದೇ ಮೇಷ್ಟ್ರು ಮನೆಯ ಚಿಕ್ಕ ಕೋಣೆಯಲ್ಲಿ ಒಂದು ರೇಸಿಂಗ್ ಸಿಮ್ಯುಲೇಟರ್ ಕಟ್ಟಿಕೊಂಡಿದ್ದರು. ದೊಡ್ಡ ಪರದೆ, ಸ್ಟೀರಿಂಗು, ಮೂರು ಪೆಡಲು, ಗುಜರಿಯಿಂದ ಹೊತ್ತು ತಂದ ಯಾವುದೋ ಕಾರಿನ ಸೀಟು. ಹೆಂಡತಿ ಇದಕ್ಕೆ 'ನಿಮ್ಮ ತೊಟ್ಟಿಲು' ಎಂದು ನಾಮಕರಣ ಮಾಡಿದ್ದಳು. ಅದರಲ್ಲಿ ಕೂತು ಇನ್ನೂರರ ವೇಗದಲ್ಲಿ ಹೋಗಬಹುದಿತ್ತು. ಆದರೆ ಒಂದು ಕೊರಗು. ಪರದೆಯಲ್ಲಿ ಕಾರು ಹಳ್ಳಕ್ಕೆ ಬಿದ್ದರೂ ಸೀಟು ಮಾತ್ರ ಬಂಡೆಗಲ್ಲಿನ ಹಾಗೆ ಕದಲದೆ ಕೂತಿರುತ್ತಿತ್ತು. "ಗಾಡಿ ಓಡಿಸೋದು ಕಣ್ಣಲ್ಲಲ್ಲ, ಕೂತ ಜಾಗದಲ್ಲಿ" ಎಂದು ಶಿಷ್ಯರಿಗೆ ದಿನಕ್ಕೆ ಹತ್ತು ಸಲ ಬೋಧಿಸುವ ಮೇಷ್ಟ್ರಿಗೆ, ಕೂತ ಜಾಗಕ್ಕೆ ಏನೂ ತಿಳಿಯದ ಈ ಸವಾರಿ ಉಪ್ಪಿಲ್ಲದ ಊಟವಾಗಿತ್ತು.

ಸ್ಪೀಕರ್ ರಿಪೇರಿಯವನು ದಾರಿ ತೋರಿಸಿದ. ಅಂಗೈಯಗಲದ ಒಂದು ಡಬ್ಬಿ ತೆಗೆದು ಮುಂದಿಟ್ಟ.

"ಇದು ಹಾಡದ ಸ್ಪೀಕರ್ ಸಾರ್. ಒಳಗೆ ಕಬ್ಬಿಣದ ಗುಂಡಿದೆ. ಸದ್ದು ಮಾಡಲ್ಲ, ನಡುಗುತ್ತೆ ಅಷ್ಟೆ. ಸೀಟಿನ ಕೆಳಗೆ ಬಿಗೀರಿ. ಎಂಜಿನ್ನು, ಗೇರು, ರಸ್ತೆಯ ಗುಂಡಿ, ಎಲ್ಲಾ ಬೆನ್ನಿಗೇ ಗೊತ್ತಾಗುತ್ತೆ." ಜೊತೆಗೆ ನಾಲ್ಕು ದಪ್ಪ ರಬ್ಬರ್ ಬಿಲ್ಲೆಗಳನ್ನೂ ಕೊಟ್ಟ. "ಇವನ್ನ ಸೀಟಿನ ಕಾಲುಗಳ ಕೆಳಗೆ ಇಡಬೇಕು. ಮರೀಬೇಡಿ ಸಾರ್. ಇಲ್ಲಾಂದ್ರೆ ನಡುಕ ಸೀಟಲ್ಲಿ ನಿಲ್ಲಲ್ಲ, ನೆಲಕ್ಕಿಳಿದು ಊರು ಸುತ್ತುತ್ತೆ."

ಮೇಷ್ಟ್ರು ಮರೆಯಲಿಲ್ಲ. ರಬ್ಬರಿಟ್ಟೇ ಕೂತು ನೋಡಿದರು. ಹಾಸಿಗೆಯ ಮೇಲೆ ಕೂತು ಕಾರು ಓಡಿಸಿದ ಹಾಗಿತ್ತು. ರಬ್ಬರ್ ಕಿತ್ತುಹಾಕಿ ಸೀಟಿನ ಕಾಲುಗಳನ್ನು ನೇರ ನೆಲದ ಹಲಗೆಗೇ ಸ್ಕ್ರೂ ಹಾಕಿ ಬಿಗಿದರು. ಆಹಾ! ಬೆನ್ನುಹುರಿಯ ಒಂದೊಂದು ಮಣಿಯೂ ಎದ್ದು ಕೂತು ರಸ್ತೆ ನೋಡತೊಡಗಿತು. ಕಿತ್ತ ನಾಲ್ಕು ಬಿಲ್ಲೆಗಳನ್ನು ಕುಣಿಯುತ್ತಿದ್ದ ವಾಷಿಂಗ್ ಮೆಷಿನ್ನಿನ ಕೆಳಗಿಟ್ಟರು. "ಮದುವೆಯಾದ ಮೇಲೆ ಮೊದಲನೇ ಸಲ ಮನೆಗೆ ಉಪಯೋಗ ಆಗೋ ಕೆಲಸ ಮಾಡಿದ್ರಿ" ಎಂದು ಹೆಂಡತಿಯಿಂದ ಪ್ರಶಸ್ತಿಯೂ ಬಂತು. ಅದು ಹಳೆಯ ಕಟ್ಟಡ, ಮರದ ನೆಲ, ಉದ್ದುದ್ದ ಹಲಗೆಗಳು ಗೋಡೆಯಡಿ ನುಸುಳಿ ಪಕ್ಕದ ಕೋಣೆಗೂ ಹೋಗಿವೆ ಎಂಬ ಸಣ್ಣ ಸಂಗತಿ ಆ ಸಂಭ್ರಮದಲ್ಲಿ ಯಾರಿಗೆ ನೆನಪಿರುತ್ತದೆ?

ಮೂರನೆಯ ದಿನಕ್ಕೆ ಪಕ್ಕದ ಕೋಣೆಗೆ ಅತ್ತೆ ಬಂದರು.

ಅತ್ತೆಯ ಮನೆಗೆ ಬಣ್ಣ ಬಳಿಯುತ್ತಿದ್ದರು, ವಾಸನೆ ಆಗುವುದಿಲ್ಲವೆಂದು ಹದಿನೈದು ದಿನಕ್ಕೆ ಮಗಳ ಮನೆಗೆ ಬಂದಿದ್ದರು. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದ ಹೆಂಗಸು. ಟಿಕೆಟ್ ತೆಗೆಯದವನನ್ನು ಹುಬ್ಬು ನೋಡಿಯೇ ಹಿಡಿಯುತ್ತಿದ್ದವರು. "ಕಣ್ಣು ಮುಚ್ಕೊಂಡು ಬಸ್ಸಲ್ಲಿ ನಿಂತ್ರೆ ಸಾಕು, ಇವತ್ತು ಯಾವ ಡ್ರೈವರ್ ಅಂತ ನನ್ನ ಅಂಗಾಲು ಹೇಳ್ತಿತ್ತು" ಎಂಬುದು ಅವರು ಎಲ್ಲರಿಗೂ ಹೇಳುವ ಮಾತು. ಮೇಷ್ಟ್ರು ಅದನ್ನು ಅತ್ತೆಯರು ಹೇಳುವ ಸಾವಿರ ಮಾತುಗಳ ಲೆಕ್ಕಕ್ಕೆ ಸೇರಿಸಿ ತಲೆಯಾಡಿಸುತ್ತಿದ್ದರು.

ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮಧ್ಯಾಹ್ನದ ಪಾಳಿಯವಳು. ಒಂದು ಗಂಟೆಗೆ ಹೋದರೆ ಬರುವುದು ಒಂಬತ್ತಕ್ಕೆ. ಅಮ್ಮ ಬಂದ ದಿನವೇ ಗಂಡನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ನೋಡ್ರೀ, ಅಮ್ಮನ ಮಂಚ ಆ ಗೋಡೆಗೇ ಇದೆ. ಅವರು ಹೋಗೋ ತನಕ ನಿಮ್ಮ ತೊಟ್ಟಿಲು ಮುಟ್ಟಬಾರದು."

"ಮುಟ್ಟಲ್ಲ ಕಣೇ."

"ಆಣೆ?"

"ಆಣೆ."

"ಮುಟ್ಟಿದ್ದು ಗೊತ್ತಾಯ್ತೋ, ಮಾರನೇ ದಿನ ಗುಜರಿಯವನು ಮನೆ ಮುಂದಿರ್ತಾನೆ. ಎಲ್ಲಿಂದ ಬಂತೋ ಅಲ್ಲಿಗೇ."

ಅವಳ ದನಿಯಲ್ಲಿ ಹಳೆಯ ಸೇಡೂ ಒಂದಿಷ್ಟು ಇತ್ತೆನ್ನಿ. ಹೋದ ತಿಂಗಳು ಕಲಿಕೆಯ ಲೈಸೆನ್ಸ್ ಮಾಡಿಸಿಕೊಂಡು ಬಂದು "ನನಗೂ ಕಲಿಸಿ" ಎಂದಿದ್ದಳು. ಮೇಷ್ಟ್ರು ಮೂರು ದಿನ ಕರೆದುಕೊಂಡು ಹೋದರು. ಮೂರನೆಯ ದಿನ ಒಂದು ತಿರುವಿನಲ್ಲಿ ಗಾಡಿ ನಿಂತುಹೋಯಿತು. ಹಿಂದಿನವರೆಲ್ಲ ಹಾರನ್ ಬಾರಿಸಿದರು. ಮೇಷ್ಟ್ರು, ಬೇರೆ ಯಾವ ಶಿಷ್ಯರಿಗೂ ಎಂದೂ ಹೇಳದ ಮಾತನ್ನು ಧರ್ಮಪತ್ನಿಗೆ ಹೇಳಿಬಿಟ್ಟರು. "ಬಿಡು, ನಿನಗೆ ಗಾಡಿ ಒಲಿಯಲ್ಲ. ಕೆಲವರಿಗೆ ಒಲಿಯಲ್ಲ." ಅವಳು ಅಲ್ಲೇ ಬಾಗಿಲು ತೆಗೆದು ಇಳಿದು ಮನೆಗೆ ನಡೆದೇ ಬಂದಿದ್ದಳು. ಆಮೇಲೆ ಆ ಮಾತು ಎತ್ತಿರಲಿಲ್ಲ. ಹೆಂಗಸರು ಎತ್ತದ ಮಾತು ಎಲ್ಲಿಗೂ ಹೋಗಿರುವುದಿಲ್ಲ ಎಂಬುದು ಮೇಷ್ಟ್ರಿಗೆ ತಿಳಿದಿರಬೇಕಿತ್ತು.

ಆಣೆ ಎರಡು ದಿನ ನಡೆಯಿತು. ಮೂರನೆಯ ದಿನ ಒಬ್ಬ ಶಿಷ್ಯ ಎಕ್ಸಲರೇಟರನ್ನೇ ಬ್ರೇಕೆಂದುಕೊಂಡು ಒಂದು ಹೂಕುಂಡದ ಅಂಗಡಿಯತ್ತ ಹೊರಟ. ಆವತ್ತು ಮನೆಗೆ ಬಂದ ಮೇಷ್ಟ್ರ ಕೈ ಇನ್ನೂ ತಣ್ಣಗೇ ಇತ್ತು. ನಾಲ್ಕಕ್ಕೆ ಬಂದು ಐದೂವರೆಯ ಬ್ಯಾಚಿಗೆ ಹೋಗುವ ನಡುವಿನ ಬಿಡುವು. ಹೆಂಡತಿ ಲ್ಯಾಬಿನಲ್ಲಿ. "ಅತ್ತೆ, ಒಂದು ಗಂಟೆ ಮಲಗ್ತೀನಿ" ಎಂದು ಕೋಣೆಯ ಬಾಗಿಲು ಹಾಕಿಕೊಂಡರು. ಕಿವಿಗೆ ಹೆಡ್‌ಫೋನು. ಹೊರಗೆ ಒಂದು ಸೊಳ್ಳೆಯಷ್ಟೂ ಸದ್ದಿಲ್ಲ. ಸದ್ದಿಲ್ಲದ ಮೇಲೆ ತೊಂದರೆ ಯಾರಿಗೆ? ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ನ್ಯಾಯಶಾಸ್ತ್ರ ಇದು. ಆವತ್ತಿನಿಂದ ದಿನವೂ ಹಾಲು.

ನಾಲ್ಕು ದಿನ ಕಳೆದ ಮೇಲೆ ಬೆಳಗಿನ ಟೀ ಹೊತ್ತಿಗೆ ಅತ್ತೆ ಮೆಲ್ಲಗೆ ಹೇಳಿದರು.

"ಮಗಳೇ, ನನಗೆ ನಡುಕ ಬರ್ತಿದೆ ಕಣೆ."

"ಕೈ ನಡುಗುತ್ತಾ?"

"ಕೈಯಲ್ಲ. ಮಲಗಿದ್ರೆ ಒಳಗಿಂದ ಬರುತ್ತೆ. ಅಂಗಾಲಲ್ಲಿ ಶುರುವಾಗಿ ಬೆನ್ನಿಗೆ ಏರುತ್ತೆ. ಥೇಟ್ ಬಸ್ಸಲ್ಲಿ ಕೂತ ಹಾಗೆ. ಮೂವತ್ತೊಂದು ವರ್ಷ ಬಸ್ಸೊಳಗೆ ನಾನಿದ್ದೆ, ಈಗ ಬಸ್ಸು ನನ್ನೊಳಗೆ ಬಂದಿದೆ."

ಮೇಷ್ಟ್ರ ಕೈಯ ಬಿಸ್ಕತ್ತು ಟೀಯಲ್ಲಿ ಅದ್ದಿದಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರು ಮೆಲ್ಲಗೆ ಬೆನ್ನು ಮುಟ್ಟಿ ನೋಡಿಕೊಂಡರು. ಹೆಂಡತಿಯ ಕೈಯಲ್ಲಿದ್ದ ಲೋಟವೂ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತ್ತು. ಪಾಪ, ಹೆತ್ತ ತಾಯಿಯ ಚಿಂತೆ ಎಂದುಕೊಂಡರು ಮೇಷ್ಟ್ರು.

ನರಗಳ ಡಾಕ್ಟರಿಗೆ ತೋರಿಸಿದ್ದಾಯಿತು. ಅವರು ಮಂಡಿಗೆ ಸುತ್ತಿಗೆಯಿಂದ ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು, ಮಾತ್ರೆ ಬರೆದರು. ನಡುಕ ಬಂದಾಗಲೆಲ್ಲ ವೇಳೆ ಹಾಕಿ ಒಂದು ಪುಸ್ತಕದಲ್ಲಿ ಬರೆದಿಟ್ಟು ಗುರುವಾರ ತರಬೇಕೆಂದರು. ಆ ಮಾತ್ರೆ ಅತ್ತೆಯನ್ನು ಬೇರೆಯೇ ವ್ಯಕ್ತಿಯನ್ನಾಗಿ ಮಾಡಿತು. ಹುಲಿಯಂಥ ಹೆಂಗಸು ಕೂತಲ್ಲೇ ತೂಕಡಿಸತೊಡಗಿದರು. ಒಂದು ಸಂಜೆ ಅವರ ಕನ್ನಡಕ ಜಾರಿ ಟೀ ಲೋಟದೊಳಗೆ ಬಿತ್ತು. ಅದನ್ನು ತೆಗೆದು ಒರೆಸಿ ಕೊಟ್ಟ ಅಳಿಯನಿಗೆ "ನಿಮ್ಮಂಥ ಅಳಿಯ ಸಿಗೋದಕ್ಕೆ ಪುಣ್ಯ ಮಾಡಿರ್ಬೇಕು" ಎಂದರು. ಮೇಷ್ಟ್ರಿಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನೆಲದ ಹತ್ತಿರ ಮಾತಾಡಲೂ ಈಗ ಅವರಿಗೆ ಧೈರ್ಯವಿರಲಿಲ್ಲ.

ನಡುಕಕ್ಕೆ ತಾವೇ ಕಾರಣವೋ ಅಲ್ಲವೋ? ಅದೊಂದು ಗೊತ್ತಾಗಬೇಕಿತ್ತು. ಅತ್ತೆ ನಿದ್ದೆ ಹೋದಾಗ ಅವರ ದಿಂಬಿನ ಪಕ್ಕದ ಪುಸ್ತಕವನ್ನು ಕಳ್ಳನ ಹಾಗೆ ತೆಗೆದರು. ಕಂಡಕ್ಟರ್ ಕೈ, ಮುತ್ತಿನಂಥ ಅಕ್ಷರ. ನಡುವಿನ ಒಂದು ಪುಟ ತೆರೆಯಿತು.

'ಸೋಮವಾರ. 4.10. ಶುರು. ಕ್ಲಚ್ ಒಮ್ಮೆಲೇ ಬಿಟ್ಟ ಹಾಗೆ ಕುಲುಕು.

4.14. ತಿರುವಿನಲ್ಲಿ ಬ್ರೇಕ್ ತಡ. ಅಂಚಿಗೆ ಹತ್ತಿಸಿದ. ಹಲ್ಲು ಕಟಕಟ.

4.31. ಎಲ್ಲಿಗೋ ಗುದ್ದಿದ. ದೇವರು ದೊಡ್ಡವನು.

ಷರಾ: ಈ ಡ್ರೈವರ್ ಯಾರೋ ಗೊತ್ತಿಲ್ಲ. ಇವನಿಗೆ ಲೈಸೆನ್ಸ್ ಕೊಟ್ಟವರನ್ನು ಮೊದಲು ಹಿಡಿಯಬೇಕು.'

ಮೇಷ್ಟ್ರು ಮಂಚದ ಅಂಚಿಗೆ ಕುಸಿದರು. ಸೋಮವಾರ ನಾಲ್ಕೂ ಮೂವತ್ತೊಂದಕ್ಕೆ ಅವರು ನಿಜವಾಗಿಯೂ ಗೋಡೆಗೆ ಗುದ್ದಿದ್ದರು. ಒಬ್ಬ ಸಭ್ಯ ಮನುಷ್ಯ ಈ ಹಂತದಲ್ಲಿ ಏನು ಮಾಡಬೇಕು? ಅತ್ತೆಯ ಕಾಲು ಹಿಡಿಯಬೇಕು. ಮೇಷ್ಟ್ರ ಮನಸ್ಸಿಗೆ ಮೊದಲು ಬಂದದ್ದು ಅದಲ್ಲ. 'ಬ್ರೇಕ್ ತಡವೇ? ನನ್ನದೇ?' ಎಂದು ಅವರ ಮುಖ ಕೆಂಪಾಯಿತು. ಇಪ್ಪತ್ತು ವರ್ಷ ಊರಿಗೆಲ್ಲ ಬ್ರೇಕ್ ಹಾಕಿಸಿದ ಕಾಲು ಇದು! ಆಣೆ, ಕಾಯಿಲೆ, ಗುಜರಿ ಎಲ್ಲವನ್ನೂ ದಾಟಿ ಇದೀಗ ಮಾನದ ಪ್ರಶ್ನೆ ಎದ್ದು ನಿಂತಿತು.

ಮರುದಿನ ನಾಲ್ಕಕ್ಕೆ ಮತ್ತೆ ಕೂತರು. ಮೊಟ್ಟೆಯ ಬುಟ್ಟಿ ತೊಡೆಯ ಮೇಲಿದೆ ಎಂಬಂತೆ ಓಡಿಸಿದರು. ಅತ್ತೆ ತೂಕಡಿಸುವುದನ್ನೇ ಕಾದು ಪುಸ್ತಕ ನೋಡಿದರು.

'ಮಂಗಳವಾರ. 4.10. ಅದೇ ಡ್ರೈವರ್. ಇವತ್ತು ಹೆದರಿದ್ದಾನೆ. ಬ್ರೇಕಿನ ಮೇಲಿಂದ ಕಾಲೇ ತೆಗೆಯುತ್ತಿಲ್ಲ. ಹೆದರಿದ ಡ್ರೈವರ್ ಇನ್ನೂ ಅಪಾಯ.'

ಇನ್ನು ತಡೆಯಲಾಗದು, ಸಂಜೆಯೇ ತಪ್ಪೊಪ್ಪಿಕೊಂಡು ಬಿಡುವುದು ಎಂದು ಮೇಷ್ಟ್ರು ನಿರ್ಧರಿಸಿದರು. ಪುಸ್ತಕ ಮುಚ್ಚುವಾಗ ಅದೇ ಪುಟದ ಮೇಲ್ಭಾಗ ಕಣ್ಣಿಗೆ ಬಿತ್ತು.

'ಮಂಗಳವಾರ. 11.05. ಬೇರೆ ಡ್ರೈವರ್. ಮೆತ್ತಗೆ. ಗೇರ್ ಬದಲಾಯಿಸಿದ್ದೇ ಗೊತ್ತಾಗಲಿಲ್ಲ. ಸುಖವಾಗಿ ಜೋಂಪು ಹತ್ತಿತು.'

ಹಿಂದಿನ ಪುಟ ತಿರುವಿದರು. ಸೋಮವಾರವೂ ಹನ್ನೊಂದಕ್ಕೆ. ಶನಿವಾರವೂ. ದಿನವೂ! ಬೆಳಿಗ್ಗೆ ಹನ್ನೊಂದಕ್ಕೆ ಮೇಷ್ಟ್ರು ಊರಿನ ಆಚೆ ಕೊನೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರಿಗೆ ರಿವರ್ಸ್ ಹೇಳಿಕೊಡುತ್ತಿರುತ್ತಾರೆ. ಎಂದರೆ, ಇದು ಸಿಮ್ಯುಲೇಟರ್ ಅಲ್ಲ. ಎಂದರೆ, ಇದು ನಿಜವಾದ ಕಾಯಿಲೆ. ಎಂದರೆ, ನಾನಲ್ಲ! ಮೇಷ್ಟ್ರಿಗೆ ಕುಣಿಯಬೇಕೆನ್ನಿಸಿತು. ಒಂದು ಕಾಲು ಎತ್ತಿಯೂ ಬಿಟ್ಟಿದ್ದರು. ಆಗ ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದ ಮುದುಕಿಯ ಮುಖ ಕಂಡಿತು. ಆಕೆಗೆ ನಿಜವಾಗಿಯೂ ಕಾಯಿಲೆ ಎಂದು ತಿಳಿದು ಕುಣಿಯಲು ಹೊರಟ ತಮ್ಮ ಕಾಲಿನ ಮೇಲೆ ಅವರಿಗೇ ಅಸಹ್ಯವಾಯಿತು. ಎತ್ತಿದ ಕಾಲನ್ನು ಸದ್ದಾಗದಂತೆ ಕೆಳಗಿಟ್ಟರು.

ಬುಧವಾರ ಅವರು ಸಿಮ್ಯುಲೇಟರಿನ ಪ್ಲಗ್ಗನ್ನೇ ಕಿತ್ತರು. ಆ ದಿನದ ಷರಾ ಹೀಗಿತ್ತು: '4.10. ಗಾಡಿ ಬರಲಿಲ್ಲ. ಡ್ರೈವರ್ ರಜೆ ಇರಬೇಕು. ಪ್ರಯಾಣಿಕರ ಪುಣ್ಯ.' ಹಾಗಾದರೆ ನಾಲ್ಕು ಗಂಟೆಯದು ತಮ್ಮದು, ಹನ್ನೊಂದು ಗಂಟೆಯದು ಕಾಯಿಲೆಯದು. ತಮ್ಮದು ನಿಂತಿತಲ್ಲ, ಕಾಯಿಲೆಯನ್ನು ಡಾಕ್ಟರು ನೋಡಿಕೊಳ್ಳುತ್ತಾರೆ, ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಮನಸ್ಸು ಒಪ್ಪಲಿಲ್ಲ. ಆವತ್ತಿನ ಪಾಠದಲ್ಲಿ ಎಡಕ್ಕೆ ಎನ್ನುವಲ್ಲಿ ಬಲಕ್ಕೆ ಎಂದು ಮೂರು ಸಲ ಹೇಳಿದರು.

ಗುರುವಾರ ಬೆಳಿಗ್ಗೆ ಮೂವರೂ ಸ್ಕೂಲಿನ ಕಾರಿನಲ್ಲೇ ಆಸ್ಪತ್ರೆಗೆ ಹೋದರು. ಡಾಕ್ಟರು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು.

"ಎರಡು ತರದ ನಡುಕ ಇದೆ. ಹನ್ನೊಂದು ಗಂಟೆಯದು ಸೌಮ್ಯ, ಅದರಲ್ಲಿ ಒಂದು ಲಯ ಇದೆ. ಅದಕ್ಕೆ ನಾನು ಹೆದರಲ್ಲ. ನನಗೆ ಭಯ ಇರೋದು ಈ ನಾಲ್ಕು ಗಂಟೆಯದು. ಲಯ ಇಲ್ಲ, ಶಿಸ್ತಿಲ್ಲ. ಎಲ್ಲಿ ಬೇಕಾದಲ್ಲಿ ಗುದ್ದುತ್ತೆ. ಇವತ್ತೇ ಅಡ್ಮಿಟ್ ಮಾಡಿ. ಬೆನ್ನುಮೂಳೆಯಿಂದ ಸ್ವಲ್ಪ ನೀರು ತೆಗೆದು ನೋಡೋಣ."

"ಬೆನ್ನಿಂದಲಾ?" ಎಂದರು ಅತ್ತೆ. ಕಿಕ್ಕಿರಿದ ಬಸ್ಸಿನಲ್ಲಿ ಕುಡುಕರನ್ನು ಕಾಲರ್ ಹಿಡಿದು ಇಳಿಸಿದ್ದ ಆ ಹೆಂಗಸು ಈಗ ಮಗಳ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. "ಸೂಜಿ ಉದ್ದ ಇರುತ್ತಾ ಡಾಕ್ಟ್ರೇ?"

ಆ ದನಿ ಕೇಳಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದೇಬಿಟ್ಟರು.

"ಸೂಜಿ ಬೇಡ ಡಾಕ್ಟ್ರೇ! ಆ ನಾಲ್ಕು ಗಂಟೆ ಡ್ರೈವರ್ ನಾನೇ!"

ಡಾಕ್ಟರು ಮೇಷ್ಟ್ರನ್ನು ನೋಡಿದ ರೀತಿ ನೋಡಿದರೆ, ಒಂದರ ಬದಲು ಎರಡು ಹಾಸಿಗೆ ಬರೆಯುವ ಯೋಚನೆ ಅವರಿಗಿದ್ದಂತಿತ್ತು. ಮೇಷ್ಟ್ರು ಸೀಟು, ಕಬ್ಬಿಣದ ಗುಂಡು, ರಬ್ಬರು, ಹಲಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಮುಗಿಯುವ ಹೊತ್ತಿಗೆ ಬೆವರಿ ನೀರಾಗಿದ್ದರು.

"ಆಣೆ ಮಾಡಿದ್ರಿ!" ಎಂದಳು ಹೆಂಡತಿ. ಹಾಗೆ ಹೇಳಿದವಳ ದನಿಯಲ್ಲಿ ಇರಬೇಕಾದಷ್ಟು ಸಿಟ್ಟು ಇರಲಿಲ್ಲ. ಮೇಷ್ಟ್ರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ತಪ್ಪಾಯ್ತು. ಗುಜರಿಯವನನ್ನ ನಾನೇ ಕರೀತೀನಿ. ಆದ್ರೆ ಡಾಕ್ಟ್ರೇ, ಹನ್ನೊಂದು ಗಂಟೆಯದು ನಾನಲ್ಲ! ನಾನು ಮನೇಲೇ ಇರಲ್ಲ. ಅದು ಅಸಲಿ ಕಾಯಿಲೆ. ಅದು ಸೌಮ್ಯ ಅಂತ ಬಿಡಬೇಡಿ, ದಯವಿಟ್ಟು ಪತ್ತೆ ಮಾಡಿ, ಅದರ ಮೂಲ ಎಲ್ಲಿದೆ ಅಂತ ಹುಡುಕಿ!"

ಹೆಂಡತಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದಳು.

"ಅದರ ಮೂಲ ಇಲ್ಲೇ ಇದೆ," ಎಂದಳು ಫ್ಯಾನಿಗೆ. "ಅದು ನಾನು."

"ನೀನಾ?"

"ಇಸ್ತ್ರಿ ಮಾಡ್ತೀನಿ ಅಂತ ಅಮ್ಮನಿಗೆ ಹೇಳಿ ಬಾಗಿಲು ಹಾಕ್ಕೋತಿದ್ದೆ. ನಿಮ್ಮ ತೊಟ್ಟಿಲಲ್ಲಿ ಊರೊಳಗಿನ ರಸ್ತೆ ಅಂತ ಒಂದಿದೆಯಲ್ಲ, ಅದರಲ್ಲಿ ಓಡಿಸ್ತಿದ್ದೆ. ಮುಂದಿನ ತಿಂಗಳು ನನಗೆ ಲೈಸೆನ್ಸ್ ಟೆಸ್ಟಿದೆ. ನೀವಂತೂ ಕಲಿಸಲ್ಲ ಅಂದ್ರಿ. ಸೀಟು ನಡುಗೋದು ಅದರ ಹುಟ್ಟುಗುಣ ಅಂದ್ಕೊಂಡೆ. ಅಮ್ಮ ನಡುಕ ಅಂದಾಗ ಜೀವವೇ ಹೋಯ್ತು. ಪುಸ್ತಕ ಕದ್ದು ಓದಿದೆ. ನಾಲ್ಕು ಗಂಟೆಗೂ ಬರುತ್ತೆ ಅಂತಿತ್ತು. ಆಗ ನಾನು ಲ್ಯಾಬಲ್ಲಿರ್ತೀನಿ, ನೀವು ಆಣೆ ಮಾಡಿದೀರಿ. ಹಾಗಾದ್ರೆ ನನ್ನಿಂದಲ್ಲ, ಕಾಯಿಲೆಯೇ ಅಂತ..."

"ಆಣೆ ಮಾಡಿಸಿದವಳು ನೀನೇ ಕಣೇ!"

"ಮಾಡಿಸಿದ್ದು ನಾನು. ಮಾಡಿದ್ದು ನೀವು. ನಾನೇನು ಮುಟ್ಟಲ್ಲ ಅಂತ ಆಣೆ ಮಾಡಿದ್ನಾ?"

ಡಾಕ್ಟರು ಅಡ್ಮಿಟ್ ಮಾಡುವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹರಿದರು. ಮಾತ್ರೆ ಇವತ್ತಿಗೇ ನಿಲ್ಲಿಸಿ ಎಂದರು. "ಉಳಿದಿದ್ದನ್ನ ಇವರಿಬ್ಬರಿಗೂ ಅರ್ಧರ್ಧ ಕೊಡಬಹುದು" ಎಂದು ಮೆಲ್ಲಗೆ ಸೇರಿಸಿದರು.

ಇನ್ನು ಉಳಿದದ್ದು ಅತ್ತೆ. ಮೇಷ್ಟ್ರು ತಲೆ ತಗ್ಗಿಸಿ ಕಾದರು. ಅತ್ತೆ ಬೈಯಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಂದ ಎಳೆದುಕೊಂಡು ಕನ್ನಡಕ ಏರಿಸಿದರು. ಒಂದು ವಾರದಿಂದ ಬಾಡಿದ್ದ ಮುಖ ಅರಳತೊಡಗಿತು.

"ಇಬ್ಬರು ಡ್ರೈವರ್ ಅಂತ ಬರೆದಿದ್ದೆ. ನೋಡಿ ಡಾಕ್ಟ್ರೇ, ಇಬ್ಬರೇ! ನನ್ನ ಅಂಗಾಲು ಸುಳ್ಳು ಹೇಳಲ್ಲ." ಆಮೇಲೆ ಅಳಿಯನ ಕಡೆ ತಿರುಗಿದರು. "ಅಂದ್ರೆ, ಸಂಜೆ ಡ್ರೈವರ್ ನೀವು."

"ಅದು ರೇಸ್ ಅಲ್ವೇ ಅತ್ತೆ, ಇನ್ನೂರರ ವೇಗ..."

"ಜೋರಾಗಿ ಹೋಗೋದು ಬೇರೆ, ಒರಟಾಗಿ ಹೋಗೋದು ಬೇರೆ ಅಳಿಯಂದ್ರೇ. ನೀವು ಜನಕ್ಕೆಲ್ಲ ಕಲಿಸ್ತೀರಲ್ಲ?"

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಕೈ ಚಾಚಿದರು. "ಕೀ ಕೊಡಿ. ಬೆಳಗಿನ ಡ್ರೈವರ್ ಮನೆಗೆ ಕರ್ಕೊಂಡು ಹೋಗ್ತಾಳೆ."

ಸ್ಕೂಲಿನ ಕಾರು, ಎಲ್ ಬೋರ್ಡು ಇದ್ದೇ ಇತ್ತು. ಹೆಂಡತಿ ಸ್ಟೀರಿಂಗಿನ ಹಿಂದೆ, ಮೇಷ್ಟ್ರು ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ ಪುಸ್ತಕ ತೆರೆದುಕೊಂಡು. "ರೈಟ್!" ಎಂದರು ಅತ್ತೆ. ಗಾಡಿ ಹೊರಟಿತು. ಹೊರಟದ್ದು ಮೇಷ್ಟ್ರಿಗೆ ಗೊತ್ತಾದದ್ದು ಆಸ್ಪತ್ರೆಯ ಗೇಟು ಹಿಂದಕ್ಕೆ ಸರಿದಾಗ. ಕೂತ ಜಾಗದಲ್ಲಿ ಏನೂ ತಿಳಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಇಂಥ ಶಿಷ್ಯೆ ಅವರಿಗೆ ಸಿಕ್ಕಿರಲಿಲ್ಲ ಎಂಬುದು ಮೊದಲ ಸಿಗ್ನಲ್ಲಿಗೇ ಅವರಿಗೆ ಖಾತ್ರಿಯಾಯಿತು.

"ಗುಜರಿಯವನನ್ನ ಕರೀಬೇಕಾ?" ಎಂದು ಸಣ್ಣಗೆ ಕೇಳಿದರು.

"ಯಾಕೆ? ನನ್ನ ಟೆಸ್ಟ್ ಮುಗಿಯೋ ತನಕ ಇರಲಿ. ವಾಷಿಂಗ್ ಮೆಷಿನ್ ಕೆಳಗಿನ ರಬ್ಬರ್ ತೆಗೆದು ಸೀಟಿನ ಕೆಳಗೆ ಇಟ್ರಾಯ್ತು."

"ರಬ್ಬರ್ ಈಗಲೇ ಬೇಡ," ಎಂದರು ಹಿಂದಿನಿಂದ ಅತ್ತೆ. "ನಾಲ್ಕು ಗಂಟೆಗೆ ನಾನು ಮಂಚದ ಮೇಲೆ ಮಲಗಿ ನೋಡ್ತೀನಿ. ಅಳಿಯಂದ್ರು ಪಾಸಾದ ಮೇಲೆ ರಬ್ಬರ್."

ಮುಂದೆ ತಿರುವು ಬಂತು. ಅಂದು ಗಾಡಿ ನಿಂತುಹೋಗಿದ್ದ ಅದೇ ತಿರುವು. ಎದುರಿಂದ ಒಂದು ಲಾರಿ. ಹೆಂಡತಿ ಸಮಯಕ್ಕೆ ಸರಿಯಾಗಿ ವೇಗ ತಗ್ಗಿಸಿದ್ದಳು. ಮೇಷ್ಟ್ರ ತಲೆಗೆ ಅದು ತಿಳಿದಿತ್ತು, ಬಲಗಾಲಿಗೆ ತಿಳಿದಿರಲಿಲ್ಲ. ಕಾಲು ತಾನಾಗಿಯೇ ಹೆಚ್ಚುವರಿ ಬ್ರೇಕನ್ನು ಒತ್ತಿತು. ಕಾರು ಗಕ್ಕನೆ ಕುಲುಕಿ ನಿಂತಿತು. ಹಿಂದಿನವರೆಲ್ಲ ಹಾರನ್ ಬಾರಿಸಿದರು.

ಹಿಂದಿನ ಸೀಟಿನಿಂದ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. ಅತ್ತೆ ಬರೆಯುತ್ತ ಗಟ್ಟಿಯಾಗಿಯೇ ಓದಿದರು: "ಹನ್ನೆರಡೂ ಇಪ್ಪತ್ತು. ಕುಲುಕು. ಸಂಜೆ ಡ್ರೈವರ್."

ಹೆಂಡತಿ ನಿಧಾನವಾಗಿ ಗಾಡಿ ಮತ್ತೆ ಶುರು ಮಾಡಿದಳು. ಗೇರ್ ಹಾಕಿದ್ದು ಯಾರಿಗೂ ಗೊತ್ತಾಗಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಗಂಡನ ಮಂಡಿಯನ್ನು ಒಮ್ಮೆ ಮೆಲ್ಲಗೆ ತಟ್ಟಿದಳು.

"ಬೇಜಾರು ಮಾಡ್ಕೋಬೇಡಿ. ಕೆಲವರಿಗೆ ಗಾಡಿ ಒಲಿಯಲ್ಲ."

ಮೇಷ್ಟ್ರು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಮನೆಯವರೆಗೂ ಹಾಗೇ ಕೂತು ಬಂದರು.